ನೀವು ಹೋಗಿ ನೀನು

ಲಂಡನ್ನಿನ ಹ್ಯಾರೋದ ಆ ಕಚೇರಿಗೆ ರಜನಿಯನ್ನು ಸಂದರ್ಶನಕ್ಕೆಂದು ಹನ್ನೊಂದಕ್ಕೆ ಬರಲು ಹೇಳಿದ್ದರು. ಒಳಗೆ ಕರೆದದ್ದು ಹನ್ನೊಂದೂ ನಲವತ್ತಕ್ಕೆ. ಅಲ್ಲಿಯವರೆಗೆ ಅವಳು ಬಾಗಿಲ ಬಳಿಯ ಸೋಫಾದ ತುದಿಯಲ್ಲಿ ಕೂತಿದ್ದಳು. ಎದುರು ಗೋಡೆಯ ಮೇಲೆ ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆದಿತ್ತು. ಕುಟುಂಬದವರು ಐದಾರು ಮಂದಿ ಅವಳನ್ನು ದಾಟಿಕೊಂಡು ಹೋದರು. ಒಬ್ಬರೂ ನೀರು ಬೇಕೆ ಎಂದು ಕೇಳಲಿಲ್ಲ.

ಕಾಯುವುದು ಅವಳಿಗೆ ಹೊಸದಲ್ಲ. ಎಂಟು ವರ್ಷ ರಾಯಚೂರು ಜಿಲ್ಲೆಯಲ್ಲಿ ಮೆಡಿಕಲ್ ರೆಪ್ ಆಗಿ ಡಾಕ್ಟರುಗಳ ಬಾಗಿಲು ಕಾದವಳು. ಹೆಗಲಿಗೆ ಒಂಬತ್ತು ಕಿಲೋ ಚೀಲ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಬೆಂಚು ಇದ್ದದ್ದು ರೋಗಿಗಳಿಗೆ. ರೆಪ್‌ಗಳು ನಿಲ್ಲಬೇಕು. ಜೊತೆಯ ಗಂಡಸು ರೆಪ್‌ಗಳು ಮೂತ್ರಕ್ಕೆ ಅವಸರವಾದಾಗ ಒಂದು ಗೋಡೆ ಹುಡುಕಿಕೊಳ್ಳುತ್ತಿದ್ದರು. ಅವಳಿಗೆ ಗೋಡೆ ಇರಲಿಲ್ಲ. ಹಾಗಾಗಿ ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಎಂಟು ವರ್ಷ ಹೀಗೆ. ಕೊನೆಗೆ ಮೂತ್ರಪಿಂಡದಲ್ಲಿ ಕಲ್ಲಾಯಿತು. ಕಲ್ಲು ಕರಗಿಸುವ ಸಿರಪ್ಪನ್ನೂ ಅವಳೇ ಮಾರುತ್ತಿದ್ದಳು.

ಅವಳ ತಾಯಿ ಸಿಂಧನೂರಿನ ಸರಕಾರಿ ಆಸ್ಪತ್ರೆಯಲ್ಲಿ ಆಯಾ. ಹೆರಿಗೆ ಕೋಣೆಯ ರಕ್ತ ಒರೆಸುವುದು, ಮಾಸು ತುಂಬಿದ ಬಕೆಟ್ಟನ್ನು ಹಿಂಬಾಗಿಲಿನಿಂದ ಹೊತ್ತೊಯ್ದು ಹೂಳುವುದು ಅವಳ ಕೆಲಸ. ಬಿ.ಫಾರ್ಮಾ ಓದಿದ ಮಗಳು ಚೀಲ ಏರಿಸಿಕೊಂಡು ಅದೇ ಆಸ್ಪತ್ರೆಗೆ ಮುಂಬಾಗಿಲಿನಿಂದ ಬಂದ ಮೊದಲ ದಿನ ತಾಯಿ ಕಸಬರಿಗೆ ಹಿಡಿದು ಹಾದಿಯಲ್ಲೇ ನಿಂತಿದ್ದಳು. ಮಗಳನ್ನು ನೋಡಿದಳು. ಗುರುತೇ ಇಲ್ಲದವಳ ಹಾಗೆ ಮುಖ ಆಚೆ ತಿರುಗಿಸಿದಳು. ಮಗಳ ಮರ್ಯಾದೆ ಉಳಿಯಲಿ ಎಂದು. ರಜನಿಯೂ ಮಾತಾಡಿಸದೆ ಡಾಕ್ಟರ ಕೋಣೆಗೆ ನಡೆದುಬಿಟ್ಟಳು. ಅದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೇ ಹೇಸಿಗೆ.

ಲಂಡನ್ನಿಗೆ ಬಂದು ನಾಲ್ಕು ವರ್ಷ. ಕ್ರೋಯ್ಡನ್ನಿನ ಅಂಚಿನಲ್ಲಿ ವೃದ್ಧರನ್ನು ಇಟ್ಟುಕೊಳ್ಳುವ ಒಂದು ಕೇರ್ ಹೋಮ್. ಹನ್ನೆರಡು ತಾಸಿನ ಪಾಳಿ. ಪಾಳಿಗೆ ಹದಿನಾಲ್ಕು ಮೈ. ಎತ್ತುವುದು, ಒರೆಸುವುದು, ಹೊರಳಿಸುವುದು, ಮತ್ತೆ ಎತ್ತುವುದು. ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ಬೆರಳ ಸಂದುಗಳು ಒಡೆದು ಉಪ್ಪು ತಾಗಿದರೆ ಉರಿಯುತ್ತವೆ. ಇಷ್ಟರ ಮೇಲೆ ಆ ಹೋಮಿನ ಮಾಲೀಕ ಏನೋ ಸುಳ್ಳು ಲೆಕ್ಕ ತೋರಿಸಿ ಸಿಕ್ಕಿಬಿದ್ದ. ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಅವನ ಪರವಾನಗಿ ರದ್ದಾಯಿತು. ಅವನಿಗೆ ಏನೂ ಆಗಲಿಲ್ಲ. ರಜನಿಗೆ ಪತ್ರ ಬಂತು. ಅರವತ್ತು ದಿನದೊಳಗೆ ವೀಸಾ ಕೊಡುವ ಬೇರೆ ಧಣಿಯನ್ನು ಹುಡುಕಿಕೋ, ಇಲ್ಲವಾದರೆ ದೇಶ ಬಿಡು.

ಹ್ಯಾರೋಗೆ ಬಂದದ್ದು ನಲವತ್ತೊಂದನೆಯ ದಿನ.

ಈ ಕೆಲಸದ ಸುದ್ದಿ ಕೊಟ್ಟವರು ಡಾಕ್ಟರ್ ಕೃಷ್ಣವೇಣಿ. ಧಾರವಾಡದವರು. ಹೋಮಿಗೆ ವಾರಕ್ಕೊಮ್ಮೆ ಬಂದು ರೋಗಿಗಳನ್ನು ನೋಡುತ್ತಿದ್ದರು. “ರಜನಿ, ಒಂದು ಔಷಧಿ ಕಂಪನಿಯೊಳಗ ರೆಪ್ ಬೇಕಾಗ್ಯಾರ. ಹಾಸಿಗಿ ಹುಣ್ಣಿನ ಕ್ರೀಮ್ ಮಾರೋದು. ವೀಸಾನೂ ಕೊಡ್ತಾರ. ಸೇಲ್ಸ್ ಹೆಡ್ಡು ನಾರಾಯಣಸ್ವಾಮಿ ಅಂತ, ಮೈಸೂರಾಂವ. ನಮ್ಮವರ. ನಾ ಒಂದು ಮಾತು ಹೇಳ್ತೀನಿ,” ಎಂದಿದ್ದರು.

ನಮ್ಮವರು ಎಂಬ ಮಾತು ಕೇಳಿದಾಗಲೇ ರಜನಿ ಹಿಂಜರಿದಿದ್ದಳು. ಆದರೆ ದಿನ ಎಣಿಸುವವಳಿಗೆ ಹಿಂಜರಿಯುವ ಪುರಸತ್ತು ಎಲ್ಲಿ? ಅರ್ಜಿ ಹಾಕಿದಳು.

ಗಾಜಿನ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಎಚ್.ಆರ್.ನ ಹೆಲೆನ್, ಬಿಳಿಯ ಹೆಂಗಸು. ಅವಳ ಮುಂದೆ ಅಂಕ ಹಾಕುವ ಹಾಳೆ. ಪಕ್ಕದಲ್ಲಿ ನಾರಾಯಣಸ್ವಾಮಿಯವರು. ಐವತ್ತೈದರ ಆಸುಪಾಸು, ನೀಟಾದ ಸೂಟು, ಈ ದೇಶದಲ್ಲಿ ಮೂವತ್ತು ವರ್ಷದ ನೆಲೆ. ಕಾಯಿಸಿದ್ದಕ್ಕೆ ಹೆಲೆನ್ ಕ್ಷಮೆ ಕೇಳಿದಳು. ಅವರು ಕೇಳಲಿಲ್ಲ.

ಮೊದಲ ಅರ್ಧ ಗಂಟೆ ಎಲ್ಲ ಕಡೆ ಕೇಳುವುದೇ. ಯಾಕೆ ಸೇಲ್ಸು, ಯಾಕೆ ನಮ್ಮ ಕಂಪನಿ, ಕಾರು ಓಡಿಸುತ್ತೀರಾ. ಆಮೇಲೆ ನಾಟಕ. ಅದರಲ್ಲಿ ನಾರಾಯಣಸ್ವಾಮಿಯವರು ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಪುರಸತ್ತಿಲ್ಲದ ಮನುಷ್ಯ. ರಜನಿ ಮೂರು ನಿಮಿಷದಲ್ಲಿ ಕ್ರೀಮ್ ಮಾರಬೇಕು. ಅವರು ಡಾಕ್ಟರಾದ ಕೂಡಲೇ ಫೋನು ತೆಗೆದು ನೋಡುತ್ತ ಕೂತರು. ಅದೊಂದನ್ನು ಅವರು ಚೆನ್ನಾಗಿ ನಟಿಸಿದರು.

ರಜನಿ ಕಂಪನಿ ಕೊಟ್ಟಿದ್ದ ಜಾಹೀರಾತಿನ ಬಣ್ಣದ ಕಾಗದಗಳನ್ನು ತೆರೆಯಲೇ ಇಲ್ಲ. “ಡಾಕ್ಟರ್, ನಿಮ್ಮ ರೋಗಿಗಳ ಪಟ್ಟಿಯಲ್ಲಿ ಮನೆಯಲ್ಲೇ ಹಾಸಿಗೆ ಹಿಡಿದವರು ಎಷ್ಟು ಮಂದಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಇಪ್ಪತ್ತು ಇರಬಹುದು.”

“ಅವರಲ್ಲಿ ಎಷ್ಟು ಜನರ ಬೆನ್ನನ್ನು ನೀವು ಈ ವರ್ಷ ಕಣ್ಣಾರೆ ನೋಡಿದ್ದೀರಿ?”

ಹೆಲೆನ್ ನಕ್ಕಳು. ಅವರು ಫೋನು ಕೆಳಗಿಟ್ಟರು.

ಆಮೇಲೆ ರಜನಿ ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಗೊತ್ತಿದ್ದದ್ದು ಬಹಳ ಇತ್ತು. ಮನೆಮಂದಿ ಪ್ರೀತಿಯಿಂದ ಕ್ರೀಮನ್ನು ದೋಸೆಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಬಳಿಯುತ್ತಾರೆ. ಅದು ಪ್ಯಾಡಿಗೆ ಮೆತ್ತಿಕೊಳ್ಳುತ್ತದೆ. ಪ್ಯಾಡು ಉಚ್ಚೆ ಹೀರುವುದು ನಿಲ್ಲಿಸುತ್ತದೆ. ಒದ್ದೆಯಲ್ಲಿ ಚರ್ಮ ಕೊಳೆಯುತ್ತದೆ. ಕಡಲೆಕಾಳಿನಷ್ಟು ಸಾಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ಕಾಲ ಮೀರಿಲ್ಲ. ಕೆಂಪು ಕದಲದಿದ್ದರೆ ಒಳಗೆ ಕೆಟ್ಟಿದೆ. ಕ್ರೀಮು ಹುಣ್ಣನ್ನು ಮಾಯಿಸುವುದಿಲ್ಲ, ಚರ್ಮ ಕಾಯುತ್ತದೆ, ಅಷ್ಟೇ. ಮಾಯಬೇಕಾದರೆ ಯಾರಾದರೂ ಆ ಮೈಯನ್ನು ಹೊತ್ತುಹೊತ್ತಿಗೆ ಹೊರಳಿಸಬೇಕು.

“ಇದನ್ನು ನಾನು ಡಾಕ್ಟರಿಗೆ ಹಾಗೇ ಹೇಳುತ್ತೇನೆ. ಸುಳ್ಳು ಹೇಳಿದರೆ ಅವರು ಒಂದು ಸಲ ಬರೆದುಕೊಡುತ್ತಾರೆ. ನಿಜ ಹೇಳಿದರೆ ಬರೆಯುತ್ತಲೇ ಇರುತ್ತಾರೆ,” ಎಂದು ಮುಗಿಸಿದಳು.

ಹೆಲೆನ್ ಹಾಳೆಯ ಮೇಲೆ ಬಿಡದೆ ಬರೆಯುತ್ತಿದ್ದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ರಜನಿಗೆ ತನ್ನ ಬೆನ್ನು ನೆಟ್ಟಗಿದೆ ಅನಿಸಿತು. ಅಷ್ಟರಲ್ಲಿ ಹೆಲೆನ್‌ಗೆ ಫೋನು ಬಂತು. ಐದೇ ನಿಮಿಷ ಎಂದು ಹೊರಗೆ ಹೋದಳು.

ಬಾಗಿಲು ಮುಚ್ಚಿದ ಕೂಡಲೇ ನಾರಾಯಣಸ್ವಾಮಿಯವರು ಕನ್ನಡಕ್ಕೆ ಇಳಿದರು.

“ಎಷ್ಟು ಚೆನ್ನಾಗಿ ಮಾತಾಡ್ತೀರಿ ರೀ! ನಮ್ಮ ಕನ್ನಡದ ಹುಡುಗಿ ಅಂತ ಹೆಮ್ಮೆ ಆಯ್ತು. ಯಾವೂರಾಯ್ತು ನಿಮ್ದು?”

“ರಾಯಚೂರ ಕಡೇದ್ರಿ.”

“ರಾಯಚೂರು ದೊಡ್ಡ ಜಿಲ್ಲೆ. ಊರು?”

“ಸಿಂಧನೂರ್ರಿ.”

“ಸಿಂಧನೂರು! ನಮ್ಮ ಷಡ್ಡಕರು ಅಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ರು. ಊರೊಳಗೆ ಮನೆ ಎಲ್ಲಿ ಬರುತ್ತೆ?”

ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ರಜನಿಗೆ ಗೊತ್ತಿತ್ತು. ಕ್ರೋಯ್ಡನ್ನಿನಲ್ಲಿ ಕನ್ನಡದವರ ಕೂಟಗಳಿಗೆ ಎರಡು ಸಲ ಹೋಗಿದ್ದಳು. ಊರು ಯಾವುದು, ಓಣಿ ಯಾವುದು, ಮನೆದೇವರು ಯಾವುದು. ರೇಷ್ಮೆ ಸೀರೆ ಉಟ್ಟ ಪೊಲೀಸರು. ಎರಡೂ ಸಲ ‘ರಾಯಚೂರ ಕಡೆ’ ಎಂದು ಹೇಳಿ, ಊಟದ ತಟ್ಟೆ ಕೈಗೆ ಬರುವ ಮೊದಲೇ ಕೋಟು ಹುಡುಕಿಕೊಂಡು ಹೊರಬಿದ್ದಿದ್ದಳು. ಇವತ್ತು ಹೊರಬೀಳುವ ಹಾಗಿರಲಿಲ್ಲ. ಇವತ್ತು ನಲವತ್ತೊಂದನೆಯ ದಿನ.

“ಬಸ್‌ಸ್ಟ್ಯಾಂಡ್ ಹಿಂದ್ರಿ,” ಎಂದಳು.

ಅವರು ಅವಳ ಅರ್ಜಿಯನ್ನು ಬೆರಳಿನಿಂದ ಸರಿಸಿಕೊಂಡರು. “ಹುಲುಗಪ್ಪ ಅಂತಿದೆ. ತಂದೆಯವರ ಹೆಸರಾ? ಆ ಕಡೆ ಇದನ್ನ ಯಾರಲ್ಲಿ ಇಡ್ತಾರೆ?”

“ಯಾರಲ್ಲಿ ಬೇಕಾದ್ರೂ ಇಡ್ತಾರ್ರಿ.”

“ಸುಮ್ನೆ ಕೇಳ್ದೆ ಅಷ್ಟೆ. ಏನ್ಮಾಡ್ತಿದ್ರು ಅವ್ರು?”

“ಅಕ್ಕಿ ಗಿರಣ್ಯಾಗ ಹಮಾಲಿ.”

“ತಾಯಿ?”

“ದವಾಖಾನ್ಯಾಗ ಆಯಾ.”

“ಹಾಗಾದ್ರೆ ನೀವು...” ಎಂದು ಅವರು ಮಾತನ್ನು ಅಲ್ಲಿಗೆ ಬಿಟ್ಟರು. ಎಲ್ಲರೂ ಅಲ್ಲಿಗೇ ಬಿಡುತ್ತಾರೆ. ಕೊನೆಯ ಒಂದು ಶಬ್ದವನ್ನು ಇವರು ಬಾಯಿಂದ ಆಡುವುದಿಲ್ಲ. ಅದನ್ನು ನಾವೇ ಆಡಬೇಕು. ಹೊಲಸನ್ನು ಎತ್ತುವವರು ಯಾವತ್ತೂ ನಾವೇ ತಾನೆ?

“ಮಾದಿಗ್ರು ಸರ್,” ಎಂದಳು ರಜನಿ.

“ಓಹೋ. ಪರವಾಗಿಲ್ಲ ಬಿಡಿ.”

ಅವಳು ಕ್ಷಮೆ ಕೇಳಿದಳೇನೋ ಎಂಬಂತೆ ಅವರು ಉದಾರವಾಗಿ ಕೈ ಆಡಿಸಿದರು. “ಪರವಾಗಿಲ್ಲ. ನಾವೇನೂ ಅದನ್ನೆಲ್ಲ ನೋಡೋರಲ್ಲ.” ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಟೈ ಸಡಿಲಿಸಿದರು. “ನೀನು ಈ ದೇಶಕ್ಕೆ ಬಂದು ಎಷ್ಟು ವರ್ಷ ಆಯ್ತಮ್ಮ?”

ನೀನು.

ಎರಡು ನಿಮಿಷದ ಹಿಂದೆ ನೀವು. ಈಗ ನೀನು. ಅವಳ ವಯಸ್ಸು ಕಮ್ಮಿಯಾಗಿರಲಿಲ್ಲ. ಓದು ಕಮ್ಮಿಯಾಗಿರಲಿಲ್ಲ. ಕಡಲೆಕಾಳಿನಷ್ಟು ಕ್ರೀಮಿನ ಬಗ್ಗೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಶಬ್ದ ಅವಳ ಬಾಯಿಂದ ಹೊರಬಿತ್ತು, ಅವರ ಬಾಯಿಯಲ್ಲಿ ಅವಳು ನೀನು ಆದಳು. ಯಾರೂ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಮೂವತ್ತು ವರ್ಷ ಲಂಡನ್ನಿನ ನೀರು ಕುಡಿದ ನಾಲಿಗೆ ತಾನಾಗಿ ಹೊರಳಿತು. ಇಲ್ಲಿಂದ ಮುಂದೆ ಈ ಕಥೆಯಲ್ಲೂ ಅವನು ‘ಅವನು’. ಅದಕ್ಕಿಂತ ಹೆಚ್ಚಿನದು ಅವನಿಗೆ ಸಲ್ಲುವುದಿಲ್ಲ.

“ನಾಕು ವರ್ಷ,” ಎಂದಳು ರಜನಿ. ‘ರಿ’ ಸೇರಿಸಲಿಲ್ಲ. ಅವನಿಗೆ ಗೊತ್ತಾಗಲಿಲ್ಲ.

“ನೋಡಮ್ಮ, ನೇರವಾಗಿ ಹೇಳ್ತೀನಿ. ನೀನು ಬುದ್ಧಿವಂತೆ. ಆದ್ರೆ ಈ ಪೋಸ್ಟು ನಿನಗೆ ಹೊಂದಲ್ಲ. ಈ ಏರಿಯಾದಲ್ಲಿ ಇರೋರೆಲ್ಲ ನಮ್ಮ ಡಾಕ್ಟರ್‌ಗಳೇ. ಮೈಸೂರು, ಬೆಂಗಳೂರು, ಧಾರವಾಡದವರು. ರೆಪ್ ಅಂದ್ರೆ ಮನೆಮಂದಿ ಥರ ನೋಡ್ತಾರೆ. ನಾಮಕರಣ, ಗೃಹಪ್ರವೇಶ, ಎಲ್ಲಕ್ಕೂ ಕರೀತಾರೆ. ಯಾರು, ಯಾವ ಕಡೆಯವರು ಅಂತ ಪ್ರಶ್ನೆ ಬರುತ್ತೆ. ನಿನಗೂ ಮುಜುಗರ, ಕಂಪನಿಗೂ ಮುಜುಗರ. ಏನಂತೀಯ?”

ರಜನಿ ಮೇಜಿನ ಮೇಲಿದ್ದ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಬೇಜಾರಾಗ್ಬೇಡ. ನಿನ್ನ ವೀಸಾ ಕಷ್ಟ ಕೃಷ್ಣವೇಣಿ ಹೇಳಿದ್ದಾರೆ. ದಾರಿ ಇದೆ.” ಅವನು ಮೇಜಿನ ಮೇಲೆ ಬಾಗಿದ. ದನಿ ತಗ್ಗಿಸಿದ. “ನಮ್ಮ ತಾಯಿ ನನ್ನ ಜೊತೆ ಇಲ್ಲಿಗೆ ಹತ್ತಿರದ ಸ್ಟ್ಯಾನ್ಮೋರ್‌ನಲ್ಲೇ ಇದ್ದಾರೆ. ಎಂಬತ್ತೆರಡು. ಹಾಸಿಗೆ ಹಿಡಿದು ಎಂಟು ತಿಂಗಳಾಯ್ತು. ಬೆನ್ನಲ್ಲಿ ಗಾಯ ಆಗಿದೆ. ಬಿಳಿಯರನ್ನೂ ಕರಿಯರನ್ನೂ ಕಳಿಸಿದ್ರೆ ಮುಟ್ಟಿಸ್ಕೊಳ್ಳಲ್ಲ, ಕಿರುಚ್ತಾರೆ. ಕನ್ನಡದೋರೇ ಬೇಕು ಅಂತಾರೆ. ನನ್ನ ಭಾಮೈದನದು ಕೇರ್ ಏಜೆನ್ಸಿ ಇದೆ. ವೀಸಾ ಕಾಗದ ಅಲ್ಲಿಂದ ಮಾಡಿಸ್ತೀನಿ. ನೀನು ನಮ್ಮನೆಗೆ ಬಂದುಬಿಡು.”

“ಮನೀಗೆ,” ಎಂದಳು ರಜನಿ.

“ಹೂಂ. ಗ್ಯಾರೇಜ್ ಕಡೆಯಿಂದ ಬಾಗಿಲಿದೆ, ಅಲ್ಲೇ ಟಾಯ್ಲೆಟ್ಟೂ ಇದೆ. ಅಡುಗೆಮನೆ, ದೇವರಮನೆ ಕಡೆ ಹೋಗೋ ಕೆಲಸ ನಿನಗೆ ಬರಲ್ಲ. ಇನ್ನೊಂದೇ ಒಂದು. ಅಮ್ಮ ಹಳೇ ಕಾಲದೋರು. ಯಾರ ಪೈಕಿ ಅಂತ ಕೇಳೇ ಕೇಳ್ತಾರೆ. ಏನಾದ್ರೂ ಬೇರೆ ಹೇಳ್ಬಿಡು. ತಂದೆ ಹೆಸರು ಹುಲುಗಪ್ಪ ಅನ್ಬೇಡ. ಗುರುಪಾದಪ್ಪ ಅಂತಲೋ ಏನೋ ಹೇಳು. ಸಾಯೋ ಜೀವ, ಯಾಕೆ ನೋಯಿಸೋದು?”

ಗ್ಯಾರೇಜಿನ ಬಾಗಿಲನ್ನು ಅವಳು ನುಂಗಿಕೊಳ್ಳಬಲ್ಲವಳಾಗಿದ್ದಳು. ಅಂಥ ಬಾಗಿಲುಗಳನ್ನು ಬಹಳ ನೋಡಿದ್ದಾಳೆ. ಅಪ್ಪನ ಹೆಸರನ್ನು ಬಿಟ್ಟುಕೊಡಲಾರಳು. ಎಪ್ಪತ್ತೈದು ಕಿಲೋ ಚೀಲವನ್ನು ಕುತ್ತಿಗೆಯ ಮೇಲೆ ಹೊತ್ತು ಇಪ್ಪತ್ತಾರು ವರ್ಷ ಹಲಗೆ ಏರಿದ ಮನುಷ್ಯ. ಹೊಟ್ಟಿನ ಧೂಳು ಎದೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತ. ಆಸ್ತಿ ಎಂದು ಬಿಟ್ಟು ಹೋದದ್ದು ಆ ಹೆಸರೊಂದನ್ನೇ. ಅದನ್ನೂ ಈ ಸೂಟಿನ ಮನುಷ್ಯ ತನ್ನ ಮುದುಕಿಯ ಹೊಲಸು ಬಳಿಸಿಕೊಳ್ಳಲು ಅಳಿಸು ಎನ್ನುತ್ತಿದ್ದಾನೆ. ಅದನ್ನೇ ಉಪಕಾರ ಎಂದುಕೊಂಡಿದ್ದಾನೆ.

ಬಾಗಿಲು ತೆರೆಯಿತು. ಹೆಲೆನ್ ಬಂದು ಕೂತು ಪೆನ್ನು ಎತ್ತಿಕೊಂಡಳು. “ಕ್ಷಮಿಸಿ. ಹೆಚ್ಚುಕಡಿಮೆ ಮುಗಿದ ಹಾಗೆಯೇ. ನಮ್ಮನ್ನು ಕೇಳುವುದೇನಾದರೂ ಇದೆಯೇ?”

“ಇದೆ,” ಎಂದಳು ರಜನಿ. ಅವಳ ಇಂಗ್ಲಿಷು ನಡುಗಲಿಲ್ಲ. “ನೀವು ಅಂಕ ಹಾಕುವ ಹಾಳೆಯಲ್ಲಿ ನನ್ನ ಜಾತಿಗೆ ಕಾಲಂ ಎಲ್ಲಿದೆ?”

“ಏನಂದಿರಿ?”

ನಾರಾಯಣಸ್ವಾಮಿ ನಕ್ಕ. “ಊರ ಕಡೆಯ ಮಾತಾಡ್ತಿದ್ದೆವು ಹೆಲೆನ್. ಏನೂ ಇಲ್ಲ.”

“ನೀವು ಹೊರಗೆ ಹೋದಾಗ ಇವರು ನನ್ನ ಜಾತಿ ಯಾವುದು ಎಂದು ಕಂಡುಹಿಡಿದರು. ಮನೆ ಎಲ್ಲಿ, ಅಪ್ಪ ಏನು ಮಾಡುತ್ತಿದ್ದ ಎಂದು ಕೇಳಿ ಕೇಳಿ ಕಂಡುಹಿಡಿದರು. ಕೂಡಲೇ ನನ್ನನ್ನು ‘ಯೂ’ ಅನ್ನುವುದನ್ನು ಬಿಟ್ಟರು.”

“ಏನು ಬಿಟ್ಟರು?”

“ನಮ್ಮ ಭಾಷೆಯಲ್ಲಿ ಎರಡು ‘ಯೂ’ ಇವೆ. ಒಂದು ಮನುಷ್ಯರಿಗೆ. ಇನ್ನೊಂದು ಮಕ್ಕಳಿಗೆ, ನಾಯಿಗೆ, ನಮ್ಮಂಥವರಿಗೆ. ನಾನು ಔಷಧಿಯ ವಿಷಯ ಹೇಳುವಾಗ ಮೊದಲನೆಯದು. ಜಾತಿ ಹೇಳಿದ ಮೇಲೆ ಎರಡನೆಯದು.” ತನ್ನವರನ್ನು ಪ್ರೀತಿಯಿಂದ ನೀನು ಎನ್ನುವುದೂ ಉಂಟು. ಅದನ್ನೆಲ್ಲ ಬಿಡಿಸಿ ಹೇಳುವ ಗರಜು ರಜನಿಗೆ ಇರಲಿಲ್ಲ. “ಆಮೇಲೆ ಈ ಕೆಲಸ ಸಿಗುವುದಿಲ್ಲ ಎಂದರು. ಡಾಕ್ಟರುಗಳು ಪ್ರಶ್ನೆ ಕೇಳುತ್ತಾರಂತೆ. ಬದಲಿಗೆ ಇವರ ತಾಯಿಯ ಮೈ ಒರೆಸಲು ಬಾ ಎಂದರು. ಗ್ಯಾರೇಜಿನಿಂದ ಬರಬೇಕು. ಅಡುಗೆಮನೆಗೆ ಕಾಲಿಡಬಾರದು. ನನ್ನ ತಂದೆಯ ಹೆಸರನ್ನು ಸುಳ್ಳು ಹೇಳಬೇಕು.”

ಹೆಲೆನ್‌ಳ ನಗು ಮುಖದ ಮೇಲೆ ಎಲ್ಲಿ ಇಡಲಿ ಎಂದು ತಿಳಿಯದೆ ಅಲ್ಲೇ ಉಳಿದಿತ್ತು. ಅವನ ಕಡೆ ನೋಡಿದಳು.

“ಭಾಷೆಯಿಂದ ಭಾಷೆಗೆ ಹೋಗುವಾಗ ಅರ್ಥ ಕೆಡುತ್ತದೆ,” ಎಂದ ಅವನು. “ವೀಸಾಕ್ಕೆ ಸಹಾಯ ಮಾಡಲು ಹೋದೆ, ಅಷ್ಟೇ. ಇದೆಲ್ಲ ನಮ್ಮ ಸಂಸ್ಕೃತಿಯ ವಿಷಯ.”

ಸಂಸ್ಕೃತಿ ಎಂಬ ಮಾತು ಕೇಳಿ ಹೆಲೆನ್‌ಗೆ ಜೀವ ಬಂತು. ಬಿಳಿಯರಿಗೆ ಆ ಮಾತು ಮುಚ್ಚಳ ಇದ್ದ ಹಾಗೆ. “ಹಾಗಿದ್ದರೆ ಇದು ಸಂದರ್ಶನದ ಹೊರಗಿನ ವಿಷಯವೇನೋ,” ಎಂದು ಪೆನ್ನು ಕೆಳಗಿಟ್ಟಳು.

“ಪೆನ್ನು ಎತ್ತಿಕೊಳ್ಳಿ,” ಎಂದಳು ರಜನಿ. “ಕ್ರೀಮಿನ ಬಗ್ಗೆ ನಾನು ಹೇಳಿದ್ದನ್ನೆಲ್ಲ ಬರೆದಿರಿ. ಇದನ್ನೂ ಬರೆಯಿರಿ. ಬರೆಯುವವರೆಗೆ ನಾನು ಏಳುವುದಿಲ್ಲ.”

ಕೋಣೆಯ ಆಚೆ ಕುಟುಂಬದವರು ಗಾಜಿನಿಂದ ಇಣುಕತೊಡಗಿದ್ದರು. ಹೆಲೆನ್ ಪೆನ್ನು ಎತ್ತಿಕೊಂಡಳು. “ಅದು... ನಿಮ್ಮ ಜಾತಿಯ ಆ ಶಬ್ದ ಯಾವುದು?”

“ಜಾತಿಯಲ್ಲ, ಅದೊಂದು ಬಡಾವಣೆಯ ಹೆಸರು,” ಎಂದ ನಾರಾಯಣಸ್ವಾಮಿ.

“ಅಲ್ಲ. ಅದು ನನ್ನ ಜಾತಿ.” ರಜನಿ ಒಂದೊಂದೇ ಅಕ್ಷರ ಹೇಳಿದಳು. “ಎಂ. ಎ. ಡಿ. ಐ. ಜಿ. ಎ.” ನಾಲ್ಕು ವರ್ಷ ಈ ಊರಿನಲ್ಲಿ ಕೋಟಿನ ಒಳಗೆ ಬಚ್ಚಿಟ್ಟುಕೊಂಡು ತಿರುಗಿದ ಶಬ್ದ. ಹೆಲೆನ್ ಬರೆದಳು. ಮುಗಿಸಿ ತಲೆ ಎತ್ತಿದಾಗ ರಜನಿ, “ಎ ಒಂದು ಬಿಟ್ಟಿದ್ದೀರಿ,” ಎಂದಳು. ಹೆಲೆನ್ ತಿದ್ದಿದಳು. ಆಮೇಲೆ ರಜನಿ ಎದ್ದಳು.

ಲಿಫ್ಟಿನ ಬಳಿ ಅವನು ಹಿಂದಿನಿಂದ ಓಡಿಬಂದ.

“ರಜನಿಯವರೇ, ಒಂದ್ನಿಮಿಷ. ನೀವು ತಪ್ಪು ತಿಳ್ಕೊಂಡ್ರಿ. ನನ್ನ ಮೂವತ್ತು ವರ್ಷದ ಸರ್ವಿಸ್ಸು ಇದು. ಮನೇಲಿ ಕಷ್ಟ ಇದೆ ಅಂತ ನಿಮ್ಮ ಹತ್ರ ಹೇಳ್ಕೊಂಡೆ, ಅಷ್ಟೇ ಅಲ್ವಾ?”

ನೀವು ಮರಳಿ ಬಂದಿತ್ತು. ಅಂಜಿಕೆಗೆ ವ್ಯಾಕರಣ ಚೆನ್ನಾಗಿ ಗೊತ್ತು.

ರಜನಿ ಅವನ ಮುಖ ನೋಡಿದಳು. “ನಿಮ್ಮ ತಾಯಿ ಬೆನ್ನಿನ ಗಾಯ ಎಷ್ಟು ಅಗಲ ಐತಿ?”

“ಅಗಲ... ಗೊತ್ತಿಲ್ಲ. ವಾರಕ್ಕೊಂದ್ಸಲ ನರ್ಸ್ ಬರ್ತಾಳೆ, ಅವಳು ನೋಡ್ತಾಳೆ.”

“ಎಂಟು ತಿಂಗಳದಾಗ ನೀ ಒಮ್ಮಿನೂ ನೋಡಿಲ್ಲ?”

“ಹೆಂಗಸರ ಮೈ...”

“ನಿಮ್ಮವ್ವನ ಮೈ ಅದು. ಇಡೀ ಲಂಡನ್‌ಗೆ ಹಾಸಿಗಿ ಹುಣ್ಣಿನ ಕ್ರೀಮ್ ಮಾರ್ತೀ. ಮನ್ಯಾಗ ಹೆತ್ತಾಕಿ ಕೊಳತು ಹೊಂಟಾಳ. ಕೇಳ್ಸಿಕೋ. ಎರಡು ತಾಸಿಗೊಮ್ಮಿ ಹೊರಳಿಸ್ಬೇಕು. ಎಡಕ್ಕೊಮ್ಮಿ, ಬಲಕ್ಕೊಮ್ಮಿ. ಹಿಮ್ಮಡಿ ಕೆಳಗ ದಿಂಬು ಇಡು. ಎಳೀಬ್ಯಾಡ, ಎತ್ತು. ಎಳದ್ರ ತೊಗಲು ಕಿತ್ತು ಬರ್ತೈತಿ.”

“ನಾನಾ?” ಎಂದ ಅವನು.

ಅದೊಂದೇ ಮಾತು ಅವನು ಆ ದಿನ ಹೊಟ್ಟೆಯಿಂದ ಆಡಿದ್ದು. ರಜನಿಗೆ ನಗು ಬಂತು. ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದಳು.

ಮೂರನೆಯ ದಿನ ಮೇಲ್ ಬಂತು. ಇನ್ನೊಬ್ಬ ಅಭ್ಯರ್ಥಿ ಹೆಚ್ಚು ಸೂಕ್ತ ಎನಿಸಿದ್ದಾರೆ ಎಂದಿತ್ತು. ಸಂಜೆ ಕೃಷ್ಣವೇಣಿ ಫೋನು ಮಾಡಿದರು. “ಹಿಂಗ್ಯಾಕ ಮಾಡಿದಿ ರಜನಿ? ಅಂವಾ ದೊಡ್ಡ ಮನಸ್ಸಿನಾಂವ. ಮನೀಗೆ ಕರದಾನಲ್ಲ, ಅದ ದೊಡ್ಡದು. ನನ್ನ ಮುಖನೂ ನೋಡಲಿಲ್ಲ ನೀ.”

“ನೀವೂ ಮೊದಲಿಂದ ನನಗ ಬಹುವಚನ ಹಚ್ಚತಿದ್ದಿಲ್ಲ ಡಾಕ್ಟ್ರ. ನಾ ಅದನ್ನ ಪ್ರೀತಿ ಅಂತ ತಿಳಕೊಂಡಿದ್ದೆ,” ಎಂದು ರಜನಿ ಫೋನು ಇಟ್ಟಳು.

ಐವತ್ತಮೂರನೆಯ ದಿನ ಕ್ರೋಯ್ಡನ್ನಿನ ಇನ್ನೊಂದು ಮೂಲೆಯ ಕೇರ್ ಹೋಮಿನಲ್ಲಿ ಕೆಲಸ ಸಿಕ್ಕಿತು. ವೀಸಾ ಉಳಿಯಿತು. ಮತ್ತೆ ಅದೇ ಹನ್ನೆರಡು ತಾಸು, ಅದೇ ಮೈಗಳು, ಅದೇ ಬಲ ಭುಜ. ವಾರಕ್ಕೊಂದು ರಜೆ. ಆ ರಜೆಯ ದಿನ ಕುಳಿತು, ಪುಕ್ಕಟೆ ಸಲಹೆ ಕೊಡುವ ಒಬ್ಬ ವಕೀಲೆಯ ನೆರವು ಪಡೆದು, ಕಂಪನಿಯ ಮೇಲೆ ದೂರು ಬರೆದಳು. ಆರು ಪುಟ. ಎಲ್ಲೂ ಕಣ್ಣೀರಿರಲಿಲ್ಲ. ಯಾರು ಏನು ಅಂದರು, ಎಷ್ಟು ಗಂಟೆಗೆ ಅಂದರು, ಅಷ್ಟೇ.

ಕಂಪನಿಯ ವಕೀಲರು ಐದು ವಾರಕ್ಕೆ ಉತ್ತರಿಸಿದರು. ದಪ್ಪ ಕಾಗದ, ಚಂದದ ಇಂಗ್ಲಿಷು. ನಮ್ಮ ಸಂಸ್ಥೆಯಲ್ಲಿ ಎಲ್ಲರೂ ಸಮಾನರು. ತಮ್ಮ ದೂರಿನಲ್ಲಿ ಪದೇಪದೇ ಬರುವ ‘ಮಾದಿಗ’ ಎಂಬ ಶಬ್ದ ಸಂಸ್ಥೆಯ ಯಾರಿಗೂ ಪರಿಚಿತವಲ್ಲ. ಅದರ ಅರ್ಥವನ್ನು ಮತ್ತು ಅದು ಉದ್ಯೋಗಕ್ಕೆ ಹೇಗೆ ಸಂಬಂಧಿಸಿದೆ ಎಂಬುದನ್ನು ದಯವಿಟ್ಟು ವಿವರಿಸಿ.

ರಜನಿ ಪಾಳಿ ಮುಗಿಸಿ ಬಂದು, ಕೈ ತೊಳೆದು, ಅದನ್ನು ಎರಡು ಸಲ ಓದಿದಳು. ಸಲಹೆ ಕೊಡುತ್ತಿದ್ದ ವಕೀಲೆ ಅದಕ್ಕೆ ಉತ್ತರವೆಂದು ನಾಲ್ಕು ಪುಟದ ವಿವರಣೆ ಬರೆದು ಕಳಿಸಿದ್ದಳು. ರಜನಿ ಅದನ್ನು ಪಕ್ಕಕ್ಕಿಟ್ಟಳು. ಒಂದೇ ಸಾಲು ಬರೆದು ಸಹಿ ಹಾಕಿದಳು. ಸಹಿಯಲ್ಲಿ ಅಪ್ಪನ ಹೆಸರನ್ನು ಪೂರ್ತಿ ಬರೆದಳು.

“ನಾರಾಯಣಸ್ವಾಮಿಗೆ ಗೊತ್ತಿದೆ. ಅವನನ್ನೇ ಕೇಳಿ.”